ಕಾನೂನಿಗೂ ಒಂದು ಸಸಿಮಡಿ

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲದ ಕಡೆ ಬಂದರೆ ನಮ್ಮ ಮಾಕಳಿ ಸಿಗುತ್ತದೆ. ಒಂದು ಪಕ್ಕ ಕಾರ್ಖಾನೆ, ಇನ್ನೊಂದು ಪಕ್ಕ ಗೋದಾಮು. ಮಾದಾವರದವರೆಗೆ ಮೆಟ್ರೋ ರೈಲೂ ಬಂದಾಯಿತು (2024ರ ನವೆಂಬರ್). ಊರಲ್ಲಿ ನಮಗೆ ಉಳಿದಿರುವುದು ಮನೆ ಹಿಂದಿನ ಇಪ್ಪತ್ತು ಗುಂಟೆ. ಬೇಸಾಯ ಅಂತ ಮಾಡುವುದು ನೆಲಮಂಗಲದ ಆಚೆ, ಹೆಂಡತಿಯ ತವರಿನ ಕಡೆಯ ಮೂರು ಎಕರೆಯಲ್ಲಿ. ರಾಗಿ, ಅವರೆ, ಒಂದಿಷ್ಟು ತರಕಾರಿ.

ಎರಡು ವರ್ಷದ ಹಿಂದೆ ಅವರೆ ಹೂವಿಗೆ ಬಂದಿತ್ತು. ಕಾಯಿಕೊರಕದ ಕಾಟ. ಆಗ ಒಂದು ಕಂಪನಿಯ ಹುಡುಗರು ಬಂದರು. ಹೆಸರು ಬೇಡ. ‘ಡ್ರೋನಿನಲ್ಲಿ ಔಷಧಿ ಹೊಡೆದು ತೋರಿಸ್ತೀವಿ, ದುಡ್ಡೇನೂ ಬೇಡ, ನಿಮ್ಮ ಹೊಲ ಕೊಟ್ಟರೆ ಸಾಕು’ ಅಂದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆಗೆ ರುಜು ಹಾಕಿಸಿಕೊಂಡರು. ಬೆಳಿಗ್ಗೆ ಎಂಟಕ್ಕೆ ಶುರು. ಬೆನ್ನಿಗೆ ಪಂಪು ಕಟ್ಟಿಕೊಂಡು ನಾನು ಅರ್ಧ ದಿನ ಮಾಡುವ ಕೆಲಸ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗಿಹೋಯಿತು. ಊರ ಹುಡುಗರೆಲ್ಲ ಸೇರಿ ಫೋನಿನಲ್ಲಿ ಚಿತ್ರ ತೆಗೆದದ್ದೇ ತೆಗೆದದ್ದು.

ನಾಲ್ಕನೇ ದಿನ ಪಕ್ಕದ ಹೊಲದವರು ಬಂದು ಬದುವಿನ ಮೇಲೆ ಕೂತರು. ಅವರದು ಒಂದು ಎಕರೆ ಹಿಪ್ಪುನೇರಳೆ. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು. ‘ಅಲ್ಲಾ ಭಾವಾ, ಹೊಲದಾಗೆ ಔಷ್ದಿ ಹೊಡ್ಸಿದ್ಯಂತೆ. ಗಾಳಿ ನಮ್ಮ ಕಡೀಕೆ ಇತ್ತು. ಸೊಪ್ಪು ತಿಂದ ಹುಳ ಎಲ್ಲಾ ಹಸುರು ಕಕ್ಕೊಂಡು ಸತ್ವು. ಹಿಂದಿನ ದಿನ ಒಂದ್ ಮಾತು ಹೇಳಿದ್ರೆ ಸೊಪ್ಪು ಕುಯ್ದು ಮಡಿಕ್ಕೊಂತಿದ್ನಲ್ಲ!’

ಬೈದಿದ್ದರೆ ಬೇಕಿತ್ತು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಔಷಧಿಯಿಂದಲೇ ಸತ್ತವು ಅಂತ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಕಂಪನಿಗೆ ಫೋನು ಮಾಡಿದರೆ ‘ನೀವೇ ರುಜು ಹಾಕಿದ್ದೀರಲ್ಲ’ ಅಂದರು. ಹಾಳೆಯನ್ನು ಮಗಳ ಕೈಲಿ ಓದಿಸಿದೆ. ಹಾನಿಯಾದರೆ ಕಂಪನಿ ಹೊಣೆಯಲ್ಲ ಅಂತ ಕೊನೆಯ ಸಾಲಿನಲ್ಲಿ ಇತ್ತು. ಚಾಕಿ ಹುಳು ತಂದ ಖರ್ಚಿನಲ್ಲಿ ಅರ್ಧ ನಾನೇ ಕೊಟ್ಟೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವತ್ತು ನನ್ನ ಹೊಲದಲ್ಲಿ ನಡೆದದ್ದು ‘ಪ್ರಯೋಗ’ ತಾನೆ? ಹಾಗಾದರೆ ಪ್ರಯೋಗಕ್ಕೆ ನಿಯಮ ಅಂತ ಇರಬೇಕಲ್ಲ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ‘ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್’ ಅನ್ನುವ ಮಾತು. ನಮ್ಮಂಥ ಸಣ್ಣ ರೈತರಿಗೂ ಇದು ಗೊತ್ತಿರಬೇಕು ಅನಿಸಿತು. ತಿಳಿದಷ್ಟನ್ನು ಬರೆದಿದ್ದೇನೆ.

ಏನಿದು ಮರಳ ತೊಟ್ಟಿ?

ಸ್ಯಾಂಡ್‌ಬಾಕ್ಸ್ ಅಂದರೆ ಚಿಕ್ಕ ಮಕ್ಕಳು ಆಡಲು ಅಂಗಳದಲ್ಲಿ ಕಟ್ಟೆ ಕಟ್ಟಿ ಮರಳು ತುಂಬಿದ ತೊಟ್ಟಿ. ಬಿದ್ದರೂ ಪೆಟ್ಟಾಗದು, ಮರಳು ಮನೆಯೊಳಗೂ ಬಾರದು. ನಮಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಸಿಮಡಿ. ನಾಟಿ ರಾಗಿ ಮಾಡುವವರು ಬೀಜವನ್ನು ಸೀದಾ ಹೊಲಕ್ಕೆ ಚೆಲ್ಲುವುದಿಲ್ಲ. ಮನೆ ಹತ್ತಿರ ಒಂದು ಮಡಿ ಮಾಡಿ, ನೀರು ಹಾಯಿಸಿ, ದಿನಾ ಕಣ್ಣಿಟ್ಟು ಸಸಿ ಎಬ್ಬಿಸುತ್ತಾರೆ. ರೋಗ ಬಂದರೆ ಹಾಳಾಗುವುದು ಮಡಿ ಮಾತ್ರ, ಹೊಲವಲ್ಲ.

ಸರಕಾರಗಳು ಕಾನೂನಿನ ವಿಷಯದಲ್ಲಿ ಹೀಗೇ ಮಾಡುವುದನ್ನು ಈಚೆಗೆ ಕಲಿತಿವೆ. ಒಂದು ಹೊಸ ಯಂತ್ರವೋ, ಸಾಲ ಕೊಡುವ ಹೊಸ ವಿಧಾನವೋ ಬಂತು ಅನ್ನಿ. ಇರುವ ಕಾನೂನು ಅದು ಹುಟ್ಟುವ ಮುಂಚಿನದು. ಆ ಕಾನೂನಿನ ಪ್ರಕಾರ ಅದು ತಪ್ಪು, ಇಲ್ಲವೇ ಅದರ ಬಗ್ಗೆ ಕಾನೂನಿನಲ್ಲಿ ಏನೂ ಇಲ್ಲ. ಸರಕಾರದ ಮುಂದೆ ಆಗ ಎರಡು ದಾರಿ. ಪೂರ್ತಿ ನಿಷೇಧಿಸುವುದು, ಇಲ್ಲವೇ ಕಣ್ಣು ಮುಚ್ಚಿಕೊಂಡು ಬಿಟ್ಟುಬಿಡುವುದು. ನಿಷೇಧಿಸಿದರೆ ಒಳ್ಳೆಯದೂ ನಿಲ್ಲುತ್ತದೆ. ಬಿಟ್ಟರೆ ಕೆಟ್ಟದ್ದೂ ನುಗ್ಗುತ್ತದೆ. ಮೂರನೆಯ ದಾರಿಯೇ ಈ ಸಸಿಮಡಿ: ‘ಇಂತಿಷ್ಟು ಜಾಗದಲ್ಲಿ, ಇಂತಿಷ್ಟು ಜನರ ನಡುವೆ, ಇಂತಿಷ್ಟು ದಿನ, ನಮ್ಮ ಕಣ್ಣೆದುರಿಗೆ ಮಾಡಿ ತೋರಿಸು. ಅಲ್ಲಿಯವರೆಗೆ ಇಂಥ ನಿಯಮವನ್ನು ನಿನಗೆ ಸಡಿಲಿಸುತ್ತೇವೆ.’

ಇಂಗ್ಲೆಂಡಿನಲ್ಲಿ ಹಣಕಾಸಿನ ಮೇಲೆ ನಿಗಾ ಇಡುವ ಸಂಸ್ಥೆ 2016ರಲ್ಲಿ ಇದನ್ನು ಈ ಹೆಸರಿನಲ್ಲಿ ಶುರು ಮಾಡಿತು. ಆಮೇಲೆ ಅನೇಕ ದೇಶಗಳು ಅದೇ ದಾರಿ ಹಿಡಿದವು.

ಒಂದು ಸೂಕ್ಷ್ಮ ಇಲ್ಲಿ ಗಮನಿಸಬೇಕು. ಕೃಷಿ ವಿಶ್ವವಿದ್ಯಾಲಯದವರು ಹೊಸ ತಳಿ ಬಿಡುವ ಮುಂಚೆ ಹತ್ತು ಕಡೆ ಬೆಳೆದು ನೋಡುತ್ತಾರಲ್ಲ, ಅಲ್ಲಿ ಪರೀಕ್ಷೆಗೆ ಒಳಗಾಗುವುದು ಬೀಜ. ಸ್ಯಾಂಡ್‌ಬಾಕ್ಸಿನಲ್ಲಿ ಯಂತ್ರದ ಜತೆಗೆ ನಿಯಮವೂ ಪರೀಕ್ಷೆಗೆ ಒಳಗಾಗುತ್ತದೆ. ‘ಡ್ರೋನು ಹಾರುತ್ತದೆಯೇ?’ ಅನ್ನುವುದು ಮೊದಲ ಪ್ರಶ್ನೆ. ‘ಹಾರುವ ಮುಂಚೆ ಪಕ್ಕದವರಿಗೆ ಹೇಳಬೇಕೇ, ಯಾರು ಹೇಳಬೇಕು, ಎಷ್ಟು ದೂರ ಬಿಡಬೇಕು, ಹಾನಿಯಾದರೆ ಯಾರು ತೆರಬೇಕು?’ ಅನ್ನುವುದು ಎರಡನೆಯದು. ನನ್ನ ಹೊಲದಲ್ಲಿ ಯಂತ್ರ ಪಾಸಾಯಿತು, ನಿಯಮ ಫೇಲಾಯಿತು. ಆದರೆ ಅದು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ಸೋಲು ದಾಖಲಾಗದ ಪ್ರಯೋಗ ಪ್ರಯೋಗವೇ ಅಲ್ಲ, ಬರೀ ಪ್ರಚಾರ.

ಮಡಿಗೆ ಬದು ಬೇಕು

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ಚೌಕಟ್ಟು ಬರೆದವರಲ್ಲಿ ರಿಸರ್ವ್ ಬ್ಯಾಂಕ್ ಮುಂದಿದೆ. 2019ರ ಆಗಸ್ಟ್ 13ರಂದು ಅದು ತನ್ನ ಸ್ಯಾಂಡ್‌ಬಾಕ್ಸಿನ ಚೌಕಟ್ಟನ್ನು ಹೊರಡಿಸಿತು. ಅದರೊಳಗೆ ಹಾಕಿರುವ ಬದುಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ:

ಒಂದು, ಶುರುವಾಗುವ ದಿನ, ಮುಗಿಯುವ ದಿನ ಮೊದಲೇ ಗೊತ್ತಿರಬೇಕು.

ಎರಡು, ಯಾವ ಬಗೆಯ ಗಿರಾಕಿಗಳ ಮೇಲೆ ಪ್ರಯೋಗ ಅನ್ನುವುದನ್ನು ಹೇಳಬೇಕು.

ಮೂರು, ಎಷ್ಟು ಜನ ಅನ್ನುವುದಕ್ಕೆ ಮಿತಿ ಬೇಕು.

ನಾಲ್ಕು, ಒಂದು ಸಲಕ್ಕೆ ಎಷ್ಟು ಹಣದ ವ್ಯವಹಾರ ಅನ್ನುವುದಕ್ಕೂ ಮಿತಿ ಬೇಕು.

ಐದು, ಗಿರಾಕಿಗೆ ನಷ್ಟವಾದರೆ ಅದು ಇಷ್ಟನ್ನು ಮೀರಬಾರದು ಅನ್ನುವ ಮಿತಿ ಬೇಕು.

ಇದರ ಮೇಲೆ ಇನ್ನೊಂದು ಮಾತೂ ಇದೆ. ಗಿರಾಕಿಗೆ ಆಗುವ ಹಾನಿಯ ಹೊಣೆ ಪ್ರಯೋಗ ಮಾಡುವ ಕಂಪನಿಯದು, ರಿಸರ್ವ್ ಬ್ಯಾಂಕಿನದಲ್ಲ. ನಾನು ರುಜು ಹಾಕಿದ ಹಾಳೆಯಲ್ಲಿ ಇದ್ದದ್ದು ಇದಕ್ಕೆ ತದ್ವಿರುದ್ಧ ಅನ್ನುವುದನ್ನು ಗಮನಿಸಿ.

ಮೊದಲ ಸಾಲಿಗೆ ರಿಸರ್ವ್ ಬ್ಯಾಂಕ್ ಆರಿಸಿಕೊಂಡ ವಿಷಯ ಚಿಲ್ಲರೆ ಪಾವತಿ. ಅರ್ಜಿ ಹಾಕಿದವರು 32, ಆಯ್ಕೆಯಾದವರು 6. 2020ರ ನವೆಂಬರಿನಲ್ಲಿ ಪರೀಕ್ಷೆ ಶುರುವಾಯಿತು. ಅದರಲ್ಲಿ ಒಂದು, ನೆಟ್‌ವರ್ಕ್ ಇಲ್ಲದ ಕಡೆಯೂ ಅಂಗೈಯಗಲದ ಒಂದು ಕಾರ್ಡಿನಿಂದ ದುಡ್ಡು ದಾಟಿಸುವುದು. ಸ್ವಸಹಾಯ ಸಂಘದ ಹೆಂಗಸರಿಂದ ಶುರು ಮಾಡುವುದು ಅದರ ಉದ್ದೇಶ.

ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕ್ ಬೇರೆಯಾಗಿ, ನೆಟ್‌ವರ್ಕ್ ಇಲ್ಲದೆ ಸಣ್ಣ ಪಾವತಿ ಮಾಡುವ ಮೂರು ಪ್ರಯೋಗಗಳಿಗೂ ಅವಕಾಶ ಕೊಟ್ಟಿತ್ತು. 2020ರ ಸೆಪ್ಟೆಂಬರಿನಿಂದ 2021ರ ಜೂನ್‌ವರೆಗೆ ಅವು ನಡೆದವು. ಒಟ್ಟು 2.41 ಲಕ್ಷ ವ್ಯವಹಾರ, 1.16 ಕೋಟಿ ರೂಪಾಯಿ. ಲೆಕ್ಕ ಹಾಕಿದರೆ ಒಂದಕ್ಕೆ ಐವತ್ತು ರೂಪಾಯಿಯೂ ಬೀಳುವುದಿಲ್ಲ. ಸಸಿಮಡಿ ಅಂದರೆ ಇಷ್ಟು ಚಿಕ್ಕದಾಗಿರಬೇಕು. ಇದರ ಫಲ ನೋಡಿಕೊಂಡು 2022ರ ಜನವರಿ 3ರಂದು ಇಡೀ ದೇಶಕ್ಕೆ ನಿಯಮ ಬಂತು. ಒಂದು ಸಲಕ್ಕೆ 200 ರೂ., ಒಟ್ಟು 2,000 ರೂ. ಮಿತಿ. 2023ರ ಆಗಸ್ಟಿನಲ್ಲಿ 200 ಇದ್ದದ್ದು 500 ಆಯಿತು. ಮೊದಲು ಮಡಿ, ಆಮೇಲೆ ಹೊಲ. ಅದೂ ಒಂದೇ ಸಲಕ್ಕಲ್ಲ, ಮೆಟ್ಟಿಲು ಮೆಟ್ಟಿಲಾಗಿ.

ಸಾಲದ ವಿಷಯಕ್ಕೂ ಇದೇ ದಾರಿ. ರಿಸರ್ವ್ ಬ್ಯಾಂಕಿನ ಇನ್ನೋವೇಶನ್ ಹಬ್ ನಮ್ಮ ಬೆಂಗಳೂರಿನಲ್ಲೇ ಇದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವನ್ನು ಕಾಗದದ ಕಂತೆಯಿಲ್ಲದೆ ಕೊಡಬಹುದೇ ಅಂತ 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶ, ತಮಿಳುನಾಡುಗಳಲ್ಲಿ ಪ್ರಯೋಗ ಹೊರಟಿತು. ಆಮೇಲೆ ಕರ್ನಾಟಕ, ಉತ್ತರ ಪ್ರದೇಶ, ಮಹಾರಾಷ್ಟ್ರಗಳ ಆಯ್ದ ಜಿಲ್ಲೆಗಳಿಗೂ ಬಂತು. ಗುಜರಾತಿನಲ್ಲಿ ಡೇರಿಗೆ ಹಾಕಿದ ಹಾಲಿನ ಲೆಕ್ಕವನ್ನೇ ನೋಡಿ ಸಾಲ ಕೊಡುವುದನ್ನೂ ಪರೀಕ್ಷಿಸಿದರು. 2023ರ ಆಗಸ್ಟ್ 17ರಂದು ಇದು 1.6 ಲಕ್ಷ ರೂ.ವರೆಗಿನ ಕಾರ್ಡ್ ಸಾಲ, ಹಾಲಿನ ಸಾಲ ಮೊದಲಾದವುಗಳ ದೊಡ್ಡ ಪ್ರಯೋಗವಾಯಿತು. ಈಗ ಅದಕ್ಕೆ ಯು.ಎಲ್.ಐ. ಅಂತ ಹೆಸರು. ಪಹಣಿಗಾಗಿ ಕಚೇರಿ, ಬೇಬಾಕಿ ಪತ್ರಕ್ಕಾಗಿ ಬ್ಯಾಂಕು ಅಂತ ಅಲೆದವರಿಗೆ ಇದರ ಬೆಲೆ ಗೊತ್ತು.

ಡ್ರೋನು ದಾಟಿಬಂದ ದಾರಿ

ನನ್ನ ಹೊಲಕ್ಕೆ ಬಂದ ಡ್ರೋನಿನ ಕತೆಯೂ ಇಂಥದ್ದೇ. ಅದಕ್ಕೆ ಯಾರೂ ಸ್ಯಾಂಡ್‌ಬಾಕ್ಸ್ ಅಂತ ಹೆಸರಿಟ್ಟಿರಲಿಲ್ಲ. ನಡೆದ ಕ್ರಮ ಮಾತ್ರ ಅದೇ.

2014ರ ಅಕ್ಟೋಬರಿನಲ್ಲಿ ವಿಮಾನಯಾನ ಇಲಾಖೆ ಖಾಸಗಿಯವರು ಡ್ರೋನು ಹಾರಿಸುವುದನ್ನೇ ನಿಲ್ಲಿಸಿತು. 2018ರ ಡಿಸೆಂಬರಿನಿಂದ ನಿಯಮ ಬಂತಾದರೂ ಅದು ಬಿಗಿ. 2020ರಲ್ಲಿ ರಾಜಸ್ಥಾನದ ಕಡೆಯಿಂದ ಮಿಡತೆಯ ಹಿಂಡು ನುಗ್ಗಿತು. ಟ್ರ್ಯಾಕ್ಟರ್ ಹೋಗದ ಜಾಗ, ಎತ್ತರದ ಮರ. ಆಗ ಮೇ 21ರಂದು ಕೇಂದ್ರದ ಸಸ್ಯ ಸಂರಕ್ಷಣಾ ನಿರ್ದೇಶನಾಲಯಕ್ಕೆ ಮಾತ್ರ, ಮಿಡತೆಗೆ ಮಾತ್ರ, ಷರತ್ತಿನ ಮೇಲೆ ವಿನಾಯಿತಿ ಕೊಟ್ಟರು. ಅದು ಪರವಾಗಿಲ್ಲ ಅಂತ ಕಂಡ ಮೇಲೆ ಜೂನ್ ಕೊನೆಗೆ ಷರತ್ತು ಸಡಿಲಿಸಿ ರಾತ್ರಿ ಹಾರಾಟಕ್ಕೂ, ದೊಡ್ಡ ಯಂತ್ರಕ್ಕೂ ಒಪ್ಪಿದರು. ಅದೇ ನವೆಂಬರಿನಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಗೆ ತನ್ನ ಹೊಲಗಳಲ್ಲಿ ಬೆಳೆಯ ಸಂಶೋಧನೆಗೆ ಡ್ರೋನು ಬಳಸಲು ಆರು ತಿಂಗಳ ಮಟ್ಟಿಗೆ ಅನುಮತಿ ಸಿಕ್ಕಿತು.

2021ರ ಮಾರ್ಚಿನಲ್ಲಿ ಒಂದು ನಿಯಮಾವಳಿ ಬಂತು. ಅದು ತೀರ ತೊಡಕು ಅಂತ ಎಲ್ಲ ಕಡೆಯಿಂದ ದೂರು ಬಂತು. ಐದೇ ತಿಂಗಳಲ್ಲಿ, ಆಗಸ್ಟ್ 25ರಂದು, ಅದನ್ನು ತೆಗೆದುಹಾಕಿ ‘ಡ್ರೋನ್ ನಿಯಮ 2021’ ಬಂತು. 25 ಬಗೆಯ ಅರ್ಜಿ 5ಕ್ಕೆ ಇಳಿಯಿತು, 72 ಬಗೆಯ ಶುಲ್ಕ 4ಕ್ಕೆ ಇಳಿಯಿತು. ವಿಮಾನ ನಿಲ್ದಾಣದ ಬೇಲಿಯಿಂದ 45 ಕಿ.ಮೀ. ದೂರದವರೆಗೂ ಇದ್ದ ‘ಹಳದಿ ವಲಯ’ 12 ಕಿ.ಮೀ.ಗೆ ಇಳಿಯಿತು. ಬೆಂಗಳೂರಿನ ಸುತ್ತಲ ನಮ್ಮಂಥವರಿಗೆ ಇದು ದೊಡ್ಡ ಬದಲಾವಣೆ. 45 ಕಿ.ಮೀ. ಅಂದರೆ ನಮ್ಮ ಕಡೆಯ ಊರುಗಳೆಲ್ಲ ಒಳಗೇ ಬೀಳುತ್ತಿದ್ದವು.

ಆದರೆ ಹಾರಲು ಅನುಮತಿ ಬೇರೆ, ಔಷಧಿ ಹೊಡೆಯಲು ಅನುಮತಿ ಬೇರೆ. ಔಷಧಿ 1968ರ ಕೀಟನಾಶಕ ಕಾಯಿದೆಯ ಕೆಳಗೆ ಬರುತ್ತದೆ. 2021ರ ಡಿಸೆಂಬರ್ 21ರಂದು ಕೇಂದ್ರ ಕೃಷಿ ಇಲಾಖೆ ಡ್ರೋನಿನಲ್ಲಿ ಔಷಧಿ ಹೊಡೆಯುವ ಕ್ರಮವನ್ನು ಬರೆದು ಹೊರಡಿಸಿತು. 2022ರ ಏಪ್ರಿಲಿನಲ್ಲಿ, ಆಗಲೇ ನೋಂದಣಿಯಾಗಿದ್ದ 477 ಔಷಧಿಗಳಿಗೆ ಡ್ರೋನಿನಲ್ಲಿ ಬಳಸಲು ಎರಡು ವರ್ಷದ ಮಧ್ಯಂತರ ಒಪ್ಪಿಗೆ ಸಿಕ್ಕಿತು. ‘ಎರಡು ವರ್ಷ’, ‘ಮಧ್ಯಂತರ’ ಅನ್ನುವ ಮಾತುಗಳನ್ನು ನೋಡಿ. ಅದೇ ಮಡಿಯ ಬದು. ಹಾಗಾಗಿ ಇವತ್ತು ನಿಮ್ಮ ಹೊಲಕ್ಕೆ ಯಾರಾದರೂ ಬಂದರೆ, ಈ ಔಷಧಿಗೆ ಡ್ರೋನಿನಲ್ಲಿ ಬಳಸಲು ಈಗ ಒಪ್ಪಿಗೆ ಇದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಆ ಡಿಸೆಂಬರಿನ ಕ್ರಮದಲ್ಲಿ ಒಂದು ಸಾಲು ಓದಿ ನನಗೆ ಹೊಟ್ಟೆ ಉರಿಯಿತು. ಔಷಧಿ ಹೊಡೆಯುವ 24 ಗಂಟೆ ಮುಂಚೆ ಗ್ರಾಮ ಪಂಚಾಯಿತಿಯವರಿಗೆ, ಕೃಷಿ ಅಧಿಕಾರಿಗೆ ತಿಳಿಸಬೇಕು. ಸಂಬಂಧವಿಲ್ಲದ ಜನ, ದನಕರು ಆ ಜಾಗಕ್ಕೆ ಬಾರದಂತೆ ನೋಡಿಕೊಳ್ಳಬೇಕು. ಪಕ್ಕದ ಹೊಲದವರು ನನ್ನ ಹತ್ತಿರ ಕೇಳಿದ್ದೂ ಅದನ್ನೇ ಅಲ್ಲವೇ? ‘ಹಿಂದಿನ ದಿನ ಒಂದು ಮಾತು.’ ನಿಯಮ ಕಾಗದದ ಮೇಲೆ ಇತ್ತು. ಅವತ್ತು ಬೆಳಿಗ್ಗೆ ನನಗೆ ಅದು ಗೊತ್ತಿರಲಿಲ್ಲ. ಬಂದ ಹುಡುಗರು ಹೇಳಲೂ ಇಲ್ಲ.

ನಮ್ಮ ರಾಜ್ಯದ ಕಾಯಿದೆ

ಕರ್ನಾಟಕ ಇದಕ್ಕಾಗಿಯೇ 2020ರಲ್ಲಿ ಒಂದು ಕಾಯಿದೆ ಮಾಡಿದೆ. ಕರ್ನಾಟಕ ಇನ್ನೋವೇಶನ್ ಅಥಾರಿಟಿ ಕಾಯಿದೆ ಅಂತ ಅದರ ಹೆಸರು. ಮುಖ್ಯಮಂತ್ರಿಯವರೇ ಪ್ರಾಧಿಕಾರದ ಅಧ್ಯಕ್ಷರು. ಹೊಸ ತಂತ್ರಜ್ಞಾನ ತಂದವರು ಅರ್ಜಿ ಹಾಕಿಕೊಂಡರೆ, ಅಡ್ಡ ಬರುವ ರಾಜ್ಯದ ನಿಯಮಗಳಿಂದ ಸೀಮಿತ ಕಾಲಕ್ಕೆ, ಷರತ್ತಿನ ಮೇಲೆ ವಿನಾಯಿತಿ ಕೊಟ್ಟು ಪರೀಕ್ಷೆ ಮಾಡಿಸುವ ಅಧಿಕಾರ ಅದಕ್ಕಿದೆ.

ಇಂಥ ಕಾಯಿದೆ ಬೆಂಗಳೂರಿಗೆ ಏಕೆ ಬೇಕಾಯಿತು ಅಂತ ಕೇಳಿದರೆ, ಸುತ್ತ ನೋಡಿದರೆ ಸಾಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದಿನಾ ಒಂದು ಹೊಸ ಕಂಪನಿ. ಹೊಸದು ಮೊದಲು ರಸ್ತೆಗೆ ಬರುತ್ತದೆ, ನಿಯಮ ಆಮೇಲೆ ಓಡಿಬರುತ್ತದೆ. ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ 2021ರಲ್ಲಿ ರಾಜ್ಯ ಸರಕಾರ ಒಂದು ಯೋಜನೆ ತಂದು, 2024ರ ಮಾರ್ಚಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಬೈಕು ಓಡಿಸುವವರು, ಆಟೋದವರು ಇಬ್ಬರೂ ಬೀದಿಯಲ್ಲಿ ನಿಂತರು. ಚಿಕ್ಕ ಜಾಗದಲ್ಲಿ ಅಳತೆ ಮಾಡಿ ನೋಡಿ ಆಮೇಲೆ ಬಿಡುಗಡೆ ಮಾಡುವುದಕ್ಕೂ, ಇಡೀ ರಾಜ್ಯಕ್ಕೆ ಬಿಟ್ಟು ಆಮೇಲೆ ಎಳೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದು.

ಆದರೆ ರಾಜ್ಯದ ಪ್ರಾಧಿಕಾರದ ಕೈ ಎಷ್ಟು ಉದ್ದ ಅನ್ನುವುದೂ ಗೊತ್ತಿರಬೇಕು. ರಾಜ್ಯ ಸಡಿಲಿಸಬಹುದಾದದ್ದು ರಾಜ್ಯದ ನಿಯಮವನ್ನು ಮಾತ್ರ. ಆಕಾಶದ ಹಾರಾಟ, ಕೀಟನಾಶಕ, ಬ್ಯಾಂಕು ಇವು ಕೇಂದ್ರದ ಕಾನೂನಿನವು. ‘ನಮಗೆ ಸರಕಾರದ ಪರ್ಮಿಶನ್ ಇದೆ ಸಾರ್’ ಅಂತ ಯಾರಾದರೂ ಅಂದರೆ, ‘ಯಾವ ಸರಕಾರದ್ದು? ಯಾವ ನಿಯಮದಿಂದ ವಿನಾಯಿತಿ? ಎಲ್ಲಿಯ ತನಕ?’ ಅಂತ ಕೇಳುವ ಹಕ್ಕು ನಮಗಿದೆ.

ಬದುವಿಲ್ಲದೆ ಬಿಟ್ಟರೆ ಏನಾಗುತ್ತದೆ?

ಇದಕ್ಕೆ ದೂರ ಹೋಗಬೇಕಾಗಿಲ್ಲ. ಗಡಿಯಾಚೆಯ ಕಾಸರಗೋಡಿನ ನಮ್ಮ ಕನ್ನಡದವರನ್ನೇ ಕೇಳಿ. ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಗೇರು, ಕಣಿವೆಯಲ್ಲಿ ಮನೆ, ತೋಡು, ಸುರಂಗದ ಕುಡಿಯುವ ನೀರು. ಬಯಲುಸೀಮೆಯ ಹೊಲಕ್ಕೆ ಹೊಂದುವ ಪದ್ಧತಿ ಆ ನೆಲಕ್ಕೆ ಹೊಂದುತ್ತದೆಯೇ ಅಂತ ಮೊದಲು ಒಂದು ಗುಡ್ಡದಲ್ಲಿ ನೋಡಿ, ಜನರ ಆರೋಗ್ಯವನ್ನು ಅಳೆದು, ಮುಂದಿನದನ್ನು ಯೋಚಿಸಿದ್ದರೆ? ಎಣ್ಮಕಜೆ, ಪಡ್ರೆಯಂಥ ಊರುಗಳ ಮಕ್ಕಳು ಅದರ ಬೆಲೆ ತೆತ್ತರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂ. ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಅದು ಎರಡು ದಶಕ ನಡೆದ, ಯಾರೂ ಅಳೆಯದ, ಮುಗಿಯುವ ದಿನವಿಲ್ಲದ ಪ್ರಯೋಗ.

ಇನ್ನೊಂದು ರಾಯಚೂರು ಜಿಲ್ಲೆಯದು. ಬಿ.ಟಿ. ಹತ್ತಿಗೆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚಿನಲ್ಲಿ. ಅದಕ್ಕೆ ಮುಂಚೆ 1998ರಲ್ಲಿ ರೈತರ ಹೊಲಗಳಲ್ಲಿ ಅದರ ಪರೀಕ್ಷೆ ನಡೆಯಿತು. ಆ ನವೆಂಬರಿನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಮಲದಕಲ್‌ನ ಒಂದು ಹೊಲದಲ್ಲಿ ಗಿಡಗಳನ್ನು ಕಿತ್ತು ಸುಟ್ಟರು. ಹೊಲದಲ್ಲಿ ಬೆಳೆಯುತ್ತಿರುವುದು ಏನು ಅಂತ ಹೊಲದವರಿಗೇ ಸರಿಯಾಗಿ ತಿಳಿಸಿಲ್ಲ ಅನ್ನುವುದು ಸಂಘದ ದೂರು. ಬಿ.ಟಿ. ಬೇಕೇ ಬೇಡವೇ ಅನ್ನುವುದರಲ್ಲಿ ನಮ್ಮಲ್ಲೇ ಎರಡು ಪಕ್ಷ ಇದೆ, ಇರಲಿ. ಆ ಬೆಂಕಿಯಲ್ಲಿ ಉರಿದ ಪ್ರಶ್ನೆ ಮಾತ್ರ ಎಲ್ಲರದೂ: ಹೊಲ ನನ್ನದಾದರೆ, ಪ್ರಯೋಗ ಏನು ಅಂತ ನನಗೆ ಹೇಳಬೇಡವೇ?

ಬದನೆಯ ಹೊತ್ತಿಗೆ ಇದರಿಂದ ಸ್ವಲ್ಪ ಪಾಠ ಕಲಿತರು. ಬಿ.ಟಿ. ಬದನೆಗೆ ತಜ್ಞರ ಸಮಿತಿಯ ಒಪ್ಪಿಗೆ ಸಿಕ್ಕಿದ್ದರೂ ಕೇಂದ್ರ ಸಚಿವ ಜೈರಾಮ್ ರಮೇಶ್ ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಬಹಿರಂಗ ಸಭೆ ನಡೆಸಿ ಜನರನ್ನು ಕೇಳಿದರು. 2010ರ ಫೆಬ್ರವರಿ 9ರಂದು ತಡೆ ಹಾಕಿದರು.

ಒಳ್ಳೆಯದೂ ಇದೆ, ತೊಡಕೂ ಇದೆ

ಇಷ್ಟು ಹೇಳಿದ ಮೇಲೆ ಹೊಸದೇ ಬೇಡ ಅನ್ನುವ ಪೈಕಿ ನಾನಲ್ಲ. ಔಷಧಿ ಪಂಪು ಹೊತ್ತು ಸಂಜೆ ಕಣ್ಣುರಿ, ವಾಂತಿ ಅಂತ ಮಲಗಿದವರನ್ನು ನಾನೂ ಕಂಡಿದ್ದೇನೆ. ಆ ಕೆಲಸವನ್ನು ಯಂತ್ರ ಮಾಡಿದರೆ ಸಂತೋಷವೇ. ಕೂಲಿಗೆ ಜನ ಸಿಗದ ನಮ್ಮ ಕಡೆ, ಎಲ್ಲರೂ ಪೀಣ್ಯದ ಶಿಫ್ಟಿಗೆ ಹೋಗುವಾಗ, ಬೇರೆ ದಾರಿ ಏನಿದೆ? ಇಂಡಾಫ್ ರಾಗಿಯೂ ಒಂದು ಕಾಲಕ್ಕೆ ಹೊಸದೇ. ಆಫ್ರಿಕದ ರಾಗಿ ಜತೆ ನಮ್ಮದನ್ನು ಕೂಡಿಸಿದ್ದು ಅಂತ ಅನುಮಾನ ಪಟ್ಟವರೇ ಆಮೇಲೆ ಕಣಜ ತುಂಬಿಕೊಂಡರು.

ಸ್ಯಾಂಡ್‌ಬಾಕ್ಸಿನಲ್ಲಿ ಒಳ್ಳೆಯದು ಏನು? ಸಣ್ಣ ಕಂಪನಿಗೂ ಅವಕಾಶ ಸಿಗುತ್ತದೆ. ಅಧಿಕಾರಿಗೆ ಕುರ್ಚಿಯಲ್ಲಿ ಕೂತು ಊಹಿಸುವ ಬದಲು ಕಣ್ಣಾರೆ ನೋಡಿ ನಿಯಮ ಬರೆಯಲು ಆಗುತ್ತದೆ. ತಪ್ಪಿದರೆ ನಷ್ಟ ಚಿಕ್ಕದು.

ತೊಡಕು ಮೂರು. ಮೊದಲನೆಯದು, ಮಡಿಯೊಳಗೆ ಹೋದ ಕಂಪನಿಗೆ ಸಿಗುವ ವಿನಾಯಿತಿ ಹೊರಗಿನವನಿಗೆ ಇಲ್ಲ. ಪರಿಚಯ ಇದ್ದವರಿಗೆ ಮಾತ್ರ ಬಾಗಿಲು ತೆರೆದರೆ ಅದು ಅನ್ಯಾಯ. ಎರಡನೆಯದು, ಮಡಿಯಲ್ಲಿ ಚೆನ್ನಾಗಿ ಬಂದದ್ದು ಹೊಲದಲ್ಲಿ ಬರಲೇಬೇಕೆಂದಿಲ್ಲ. ಇಪ್ಪತ್ತು ಎಕರೆ ಒಂದೇ ಬೆಳೆ ಇರುವ ಕಡೆ ಡ್ರೋನು ಪಾಸಾಗಬಹುದು. ನಮ್ಮದು ಒಂದು ಎಕರೆ ಅವರೆ, ಮಗ್ಗುಲಲ್ಲಿ ಹಿಪ್ಪುನೇರಳೆ, ಬದುವಿನ ಮೇಲೆ ಹೊಂಗೆ, ಹೊಂಗೆಯಲ್ಲಿ ಜೇನು. ತುಂಡು ಹಿಡುವಳಿಯ ನಿಯಮ ತುಂಡು ಹಿಡುವಳಿಯಲ್ಲೇ ಪರೀಕ್ಷೆಯಾಗಬೇಕು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಒಪ್ಪಿಗೆ ಕೊಡುವವನು ಒಬ್ಬ, ಅನುಭವಿಸುವವನು ಇನ್ನೊಬ್ಬ. ಬ್ಯಾಂಕಿನ ಪ್ರಯೋಗದಲ್ಲಿ ನಷ್ಟವಾದರೆ ಅದು ಆ ಗಿರಾಕಿಯದು. ಹೊಲದ ಪ್ರಯೋಗದಲ್ಲಿ ಗಾಳಿಗೆ ಬದು ಗೊತ್ತಿಲ್ಲ. ರುಜು ಹಾಕಿದ್ದು ನಾನು, ಹುಳು ಸತ್ತದ್ದು ಪಕ್ಕದವರದು. ಬ್ಯಾಂಕಿನ ಚೌಕಟ್ಟನ್ನು ಹಾಗೇ ಎತ್ತಿ ಹೊಲಕ್ಕೆ ಇಟ್ಟರೆ ಈ ಪಕ್ಕದವರು ಬಿಟ್ಟುಹೋಗುತ್ತಾರೆ. ಕೃಷಿಯ ಪ್ರಯೋಗಕ್ಕೆ ‘ನೆರೆಹೊಲದವರ ಒಪ್ಪಿಗೆ’ ಅನ್ನುವ ಆರನೇ ಬದು ಬೇಕೇ ಬೇಕು ಅನ್ನುವುದು ನನ್ನ ಅನಿಸಿಕೆ.

ಹೂಂ ಅನ್ನುವ ಮೊದಲು ಕೇಳಿ

ನಿಮ್ಮ ಹೊಲದಲ್ಲಿ ಪ್ರಯೋಗ, ಪ್ರಾತ್ಯಕ್ಷಿಕೆ, ಡೆಮೋ ಏನೇ ಹೆಸರಿನಲ್ಲಿ ಯಾರೇ ಬರಲಿ, ಈ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ:

1. ಇದು ಯಾರ ಅನುಮತಿಯಿಂದ? ಅನುಮತಿ ಪತ್ರದ ಪ್ರತಿ ಕೊಡಿ.

2. ಯಾವ ದಿನ ಶುರು, ಯಾವ ದಿನ ಮುಗಿಯುತ್ತದೆ?

3. ಎಷ್ಟು ಜಾಗದಲ್ಲಿ? ಮೊದಲ ಸಲ ಐದು ಗುಂಟೆ ಸಾಲದೇ?

4. ಹೊಡೆಯುವ ಔಷಧಿ ಯಾವುದು? ಡಬ್ಬಿ ತೋರಿಸಿ. ಡ್ರೋನಿನಲ್ಲಿ ಬಳಸಲು ಅದಕ್ಕೆ ಒಪ್ಪಿಗೆ ಇದೆಯೇ?

5. ಹಾರಿಸುವವರಿಗೆ ಡ್ರೋನ್ ಪೈಲಟ್ ಪ್ರಮಾಣಪತ್ರ ಇದೆಯೇ?

6. ಪಂಚಾಯಿತಿಗೆ, ಕೃಷಿ ಅಧಿಕಾರಿಗೆ 24 ಗಂಟೆ ಮುಂಚೆ ತಿಳಿಸಿದ್ದೀರಾ?

7. ನಾಲ್ಕೂ ಪಕ್ಕದ ಹೊಲದವರಿಗೆ ಹೇಳಿದ್ದೀರಾ? ರೇಷ್ಮೆ, ಜೇನು, ಮೀನು, ಸೊಪ್ಪು ಯಾರದಿದೆ ಅಂತ ನೋಡಿದ್ದೀರಾ?

8. ಹಾನಿಯಾದರೆ ಯಾರು ಕೊಡುತ್ತಾರೆ? ವಿಮೆ ಇದೆಯೇ?

9. ಕಾಗದ ಕನ್ನಡದಲ್ಲಿ ಇದೆಯೇ? ಇಲ್ಲದಿದ್ದರೆ ಕನ್ನಡದಲ್ಲಿ ಬರೆದು ತನ್ನಿ, ಆಮೇಲೆ ರುಜು.

10. ಫಲಿತಾಂಶ ನಮಗೂ ಕೊಡುತ್ತೀರಾ? ಸೋತರೆ ಸೋತೆವು ಅಂತ ಬರೆಯುತ್ತೀರಾ?

ಒಳ್ಳೆಯ ಕಂಪನಿಯವರಾದರೆ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಅದೇ ನಿಮಗೆ ಉತ್ತರ.

ಕಳೆದ ಅವರೆ ಕಾಲಕ್ಕೆ ಇನ್ನೊಂದು ತಂಡ ಬಂದಿತ್ತು. ನಾನು ಈ ಹತ್ತು ಪ್ರಶ್ನೆಯ ಚೀಟಿ ಕೈಗೆ ಕೊಟ್ಟೆ. ಒಬ್ಬ ಹುಡುಗ ಓದಿ, ತಲೆ ಕೆರೆದುಕೊಂಡು, ‘ಸಾರ್, ಆರು ಮತ್ತು ಎಂಟು ಕೇಳಿಕೊಂಡು ಬರ್ತೀವಿ’ ಅಂತ ಹೋದ. ಎಂಟು ದಿನ ಬಿಟ್ಟು ಕನ್ನಡದ ಕಾಗದದೊಂದಿಗೆ ಬಂದರು. ವಿಮೆಯ ಪ್ರತಿಯೂ ಇತ್ತು. ಹಿಂದಿನ ಸಂಜೆ ನಾನು ಮತ್ತು ಆ ಹುಡುಗ ಪಕ್ಕದ ಹೊಲದವರ ಮನೆಗೆ ಹೋದೆವು. ಅವರು ಮಾತಾಡದೆ ಕುಡುಗೋಲು ತಗೊಂಡು ನಮ್ಮ ಬದುವಿನ ಕಡೆಯ ಸೊಪ್ಪು ಕುಯ್ಯಲು ಹೊರಟರು. ನಾವಿಬ್ಬರೂ ಹೊರೆ ಕಟ್ಟಲು ಕೈ ಹಾಕಿದೆವು. ಬೆಳಿಗ್ಗೆ ಗಾಳಿ ಎದ್ದಿತು. ಹುಡುಗರು ‘ಇವತ್ತು ಬೇಡ’ ಅಂತ ಯಂತ್ರ ಪೆಟ್ಟಿಗೆಗೆ ಹಾಕಿ ಕೂತರು. ಮಾರನೆಯ ದಿನ ಐದು ಗುಂಟೆಗೆ ಮಾತ್ರ ಹೊಡೆದರು.

ಈ ಸಲ ಹುಳು ಹಣ್ಣಾಗಿ ಚಂದ್ರಿಕೆ ಏರಿತು.